ಮಗಳಿಗೆ ಹೊತ್ತು ಹೊತ್ತಿಗೂ ಕನ್ನಂಬಾಡಿಯದೇ ಧ್ಯಾನ

ಪ್ರಶ್ನೆ: ನಮ್ಮದು ಮುಡುಕುತೊರೆ. ಬೆಟ್ಟದ ಕೆಳಗೆ ಹಣ್ಣುಕಾಯಿ ಅಂಗಡಿ ಇಟ್ಟುಕೊಂಡಿದ್ದೇವೆ. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಒಂದು ವರ್ಷದಿಂದ ಅವಳಿಗೆ ಅಣೆಕಟ್ಟೆಗಳದೇ ಗೀಳು. ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮುಂಚೆ ಪೇಪರಿನಲ್ಲಿ ಜಲಾಶಯಗಳ ಪಟ್ಟಿ ನೋಡಬೇಕು. ಕನ್ನಂಬಾಡಿ, ಕಬಿನಿ, ಹಾರಂಗಿ, ಹೇಮಾವತಿ ಎಲ್ಲದರ ಒಳಹರಿವು, ಹೊರಹರಿವು ಬಾಯಲ್ಲೇ ಇರುತ್ತದೆ. ಪಟ್ಟಿಯನ್ನು ಕತ್ತರಿಸಿ ಹಳೇ ಡೈರಿಗೆ ಅಂಟಿಸುತ್ತಾಳೆ. ಕಾಯಿ ಕೊಳ್ಳಲು ಬಂದ ಭಕ್ತರನ್ನು ‘ನಿಮ್ಮೂರ ಡ್ಯಾಮು ಎಷ್ಟಡಿ ಇದೆ?’ ಎಂದು ಕೇಳುತ್ತಾಳೆ. ಹಬ್ಬದ ಮಾರನೆ ದಿನ ಪೇಪರ್ ಬರದಿದ್ದರೆ ಅತ್ತು ರಂಪ ಮಾಡುತ್ತಾಳೆ, ತಿಂಡಿ ಮುಟ್ಟುವುದಿಲ್ಲ. ಮಳೆ ಜೋರಾದ ರಾತ್ರಿ ಎದ್ದೆದ್ದು ‘ಕಬಿನಿಯಿಂದ ಎಷ್ಟು ಬಿಟ್ಟವ್ರೆ?’ ಅನ್ನುತ್ತಾಳೆ. ಹೋದ ಮಳೆಗಾಲದಲ್ಲಿ ಹೊಳೆ ಏರಿ ಇವರಪ್ಪ ಆಚೆ ದಡದಲ್ಲೇ ಸಿಕ್ಕಿಕೊಂಡು ಮಾರನೆ ದಿನ ಬಂದರು, ಆಗಿನಿಂದ ಜಾಸ್ತಿಯಾಗಿದೆ. ಸ್ಕೂಲಲ್ಲಿ ಏನು ಬರೆ ಅಂದರೂ ಕನ್ನಂಬಾಡಿ ತುಂಬಿದ ಮಟ್ಟ 124.80 ಅನ್ನೇ ಬರೆಯುತ್ತಾಳೆ ಎಂದು ಮೇಷ್ಟ್ರು ಹೇಳಿದರು. ಅತ್ತೆ ದೃಷ್ಟಿ ತೆಗೆಸು ಅನ್ನುತ್ತಾರೆ. ಪಕ್ಕದ ಮನೆಯವರು ಆಟಿಸಂ ಇರಬಹುದು ಅಂದರು. ನನ್ನ ಮೈದುನ ಅವಳ ಬಾಯಲ್ಲಿ ಎಲ್ಲ ಹೇಳಿಸಿ ವಿಡಿಯೊ ಮಾಡಿ ಹಾಕುತ್ತಾನೆ. ನನಗೆ ದಿಕ್ಕೇ ತೋಚುತ್ತಿಲ್ಲ.
— ಹೆಸರು ಬೇಡ, ಮುಡುಕುತೊರೆ

ಉತ್ತರ: ನೀವು ಬರೆದದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಡೈರಿಯೂ ಅಲ್ಲ, 124.80 ಕೂಡ ಅಲ್ಲ. ಅಪ್ಪ ಆಚೆ ದಡದಲ್ಲಿ ಸಿಕ್ಕಿಕೊಂಡ ರಾತ್ರಿ. ಅದಕ್ಕೆ ಆಮೇಲೆ ಬರುತ್ತೇನೆ.

ಚಿಕ್ಕ ಮಕ್ಕಳಿಗೆ ಹೀಗೆ ಒಂದೇ ವಿಷಯ ಹಿಡಿದುಕೊಳ್ಳುವುದು ಅಪರೂಪವಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜೂಡಿ ಡಿಲೋಚ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಪುಟ್ಟ ಮಗುವಿಗೆ ಇಂಥ ತೀವ್ರ ಆಸಕ್ತಿ ಇತ್ತು. ರೈಲು, ವಿಮಾನ, ಡೈನೊಸಾರು ಹೀಗೆ. ಅವರು ಗಂಡುಮಕ್ಕಳಲ್ಲೇ ಇದನ್ನು ಹೆಚ್ಚು ಕಂಡರು. ಹೆಣ್ಣುಮಗು ಅಂಕಿಗಳ ಹಿಂದೆ ಬಿದ್ದರೆ ಊರಿನವರಿಗೆ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ, ಅಷ್ಟೆ. ಮಗ ಹೀಗೆ ಮಾಡಿದ್ದರೆ ‘ಎಂಜಿನಿಯರ್ ಆಗ್ತಾನೆ ಬಿಡಿ’ ಎನ್ನುತ್ತಿದ್ದರು ಎಂದೇ ನನ್ನ ನಂಬಿಕೆ.

ಅವಳು ಆರಿಸಿಕೊಂಡ ವಿಷಯವನ್ನೇ ನೋಡಿ. ಮುಡುಕುತೊರೆಯಲ್ಲಿ ಹುಟ್ಟಿದ ಮಗುವಿಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದಿದೆ? ನಿಮ್ಮೂರಿಗಿಂತ ಮೇಲೆ, ತಿರುಮಕೂಡಲಿನಲ್ಲಿ, ಕಾವೇರಿಗೆ ಕಪಿಲೆ, ಅಂದರೆ ಕಬಿನಿ, ಸೇರುತ್ತಾಳೆ. ಕನ್ನಂಬಾಡಿಯಿಂದ ಬಿಟ್ಟ ನೀರು ಶ್ರೀರಂಗಪಟ್ಟಣ ದಾಟಿ ಬರುತ್ತದೆ, ಕಬಿನಿಯದು ನಂಜನಗೂಡು, ಸುತ್ತೂರು ಮುಟ್ಟಿಕೊಂಡು ಬರುತ್ತದೆ. ಎರಡೂ ಕೂಡಿದ್ದೇ ಮಲ್ಲಿಕಾರ್ಜುನನ ಬೆಟ್ಟದ ಬುಡಕ್ಕೆ ಬರುವ ಹೊಳೆ. ಪೇಪರಿನ ಆ ಪುಟ್ಟ ಪಟ್ಟಿಯಲ್ಲಿ ಎರಡು ಸಾಲಿನ ಹೊರಹರಿವನ್ನು ಕೂಡಿದರೆ ನಿಮ್ಮ ಮನೆ ಮುಂದಿನ ಹೊಳೆಯ ಸುಳಿವು ಸಿಗುತ್ತದೆ ಎಂದು ಏಳು ವರ್ಷದ ಮಗು ಕಂಡುಕೊಂಡಿದ್ದರೆ ಅದು ನಿಜವಾದ ಬುದ್ಧಿ.

ಹಾಗಾಗಿ ಡೈರಿಯನ್ನು ಬಚ್ಚಿಡಬೇಡಿ. ‘ಊಟ ಮಾಡಿದರೆ ಮಾತ್ರ ಪೇಪರು’ ಎಂದು ಅದನ್ನು ಲಂಚವಾಗಿಸಬೇಡಿ. ಒಂದು ದಿನ ಪಕ್ಕದಲ್ಲಿ ಕೂತು ಕೇಳಿ: ‘ಕನ್ನಂಬಾಡಿ ತುಂಬಿದರೆ 124.80 ಅಡಿ, ಕಬಿನಿ ತುಂಬಿದರೆ 2,284 ಅಡಿ. ಹಾಗಾದರೆ ಕಬಿನಿಯೇ ದೊಡ್ಡದಾ?’ ಅವಳು ತಲೆ ಕೆಡಿಸಿಕೊಳ್ಳಲಿ. ಕಬಿನಿಯ ಅಂಕಿ ಸಮುದ್ರಮಟ್ಟದಿಂದ ಎಣಿಸಿದ್ದು, ಕನ್ನಂಬಾಡಿಯದು ಅಣೆಕಟ್ಟೆಯ ತಳದ ಕಡೆಯಿಂದ ಅಳೆದದ್ದು. ಹಿಡಿಯುವ ನೀರಿನ ಲೆಕ್ಕದಲ್ಲಿ ಕನ್ನಂಬಾಡಿ 49.45 ಟಿಎಂಸಿ, ಕಬಿನಿ 19.52. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ನಿಮ್ಮನೆಯ ಬಿಂದಿಗೆ 14 ಲೀಟರಿನದಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಬಿಂದಿಗೆ. 11,574 ಕ್ಯುಸೆಕ್ ಒಂದು ಹಗಲು ಒಂದು ರಾತ್ರಿ ಬಿಡದೆ ಹರಿದರೆ ಒಂದು ಟಿಎಂಸಿ. ಇದನ್ನು ಬಿಂದಿಗೆ ಇಟ್ಟುಕೊಂಡೇ ತೋರಿಸಿ. ಬಾಯಿಪಾಠದ ಅಂಕಿ ಹೀಗೆ ಕೈಗೆ ಸಿಗುವ ಸಂಗತಿಯಾಗುತ್ತದೆ.

ತಲಕಾಡಿನ ಹತ್ತಿರದ ಮಾಧವಮಂತ್ರಿ ಅಣೆಕಟ್ಟೆಯನ್ನು ಅಪ್ಪ ಒಂದು ಭಾನುವಾರ ತೋರಿಸಲಿ. ಕಲ್ಲಿನ ಮೇಲೆ ಹಾದುಹೋಗುವ ನೀರು ನೋಡಿದವಳಿಗೆ ಕಾಲುವೆ ಬೇಕು, ಗದ್ದೆ ಬೇಕು, ತಲಕಾಡಿನ ಮರಳು ಎಲ್ಲಿಂದ ಬಂತೆಂದು ಗೊತ್ತಾಗಬೇಕು. ಶಿವನಸಮುದ್ರದಲ್ಲಿ 1902ರಲ್ಲೇ ಇದೇ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರಂತೆ ಎಂದು ಹೇಳಿದರೆ ರಾತ್ರಿಯಿಡೀ ಪ್ರಶ್ನೆ ಕೇಳುತ್ತಾಳೇನೋ. ಕೇಳಲಿ. ಅಜ್ಜಿಯೂ ಜೊತೆಗೆ ಬರಲಿ. ತಲಕಾಡಿನ ಪಂಚಲಿಂಗ ದರ್ಶನದ ವರ್ಷಗಳಲ್ಲಿ, 2009ರಲ್ಲಿ, 2013ರಲ್ಲಿ, ಹೊಳೆ ಹೇಗಿತ್ತೆಂದು ಹೇಳುವವರು ಮನೆಯಲ್ಲಿ ಅವರೇ. ದೃಷ್ಟಿ ತೆಗೆದರೆ ತೆಗೆಯಲಿ, ಅದರಿಂದ ಮಗುವಿಗೆ ನೋವಿಲ್ಲ. ‘ನಿನಗೆ ಏನೋ ಹಿಡಿದಿದೆ’ ಎಂದು ಅವಳ ಕಿವಿಗೆ ಬೀಳದಿದ್ದರೆ ಸಾಕು.

ಮೇಷ್ಟ್ರಿಗೂ ಒಂದು ಮಾತು ಹೇಳಿ ನೋಡಿ. ಕಬಿನಿ ಅಣೆಕಟ್ಟೆಯಿರುವ ಎಚ್.ಡಿ. ಕೋಟೆ ಸೀಮೆಯಲ್ಲೇ 1995ರಲ್ಲಿ ನಲಿ–ಕಲಿ ಪದ್ಧತಿ ಮೊದಲಾಯಿತು. ಮಗು ತನ್ನ ವೇಗದಲ್ಲಿ ಕಲಿಯಲಿ ಎಂಬುದೇ ಅದರ ಜೀವಾಳ. ಕಳೆಯುವ ಲೆಕ್ಕಕ್ಕೆ ಜಲಾಶಯದ ಅಂಕಿ ಕೊಡಬಹುದು, ಕ್ಲಾಸಿನ ಗೋಡೆಯ ಮೇಲೆ ದಿನದ ಮಟ್ಟ ಬರೆಯುವ ಕೆಲಸ ಅವಳಿಗೂ ಇನ್ನೊಬ್ಬ ಮಗುವಿಗೂ ಸೇರಿಸಿ ಕೊಡಬಹುದು. ಇನ್ನೊಬ್ಬ ಮಗು ಅನ್ನುವುದು ಮುಖ್ಯ.

ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ಹುಡುಗನಾಗಿದ್ದಾಗ ನೆಲ, ಗೋಡೆ, ಬಾಗಿಲು ಬಿಡದೆ ಚಿತ್ರ ಬರೆಯುತ್ತಿದ್ದರು. ಕಾಗೆಯ ಮೋಹ ಅವರಿಗೆ ಆಗ ಹತ್ತಿದ್ದು ಮುಪ್ಪಿನವರೆಗೂ ಬಿಡಲಿಲ್ಲ. ಎಲ್ಲ ಮಕ್ಕಳ ಗೀಳೂ ಹೀಗೆ ಬದುಕಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮುಂದಿನ ವರ್ಷ ನಿಮ್ಮ ಮಗಳು ಜಾತ್ರೆಯ ಎತ್ತುಗಳ ಹಲ್ಲು ಎಣಿಸುತ್ತಾ ಅಣೆಕಟ್ಟೆ ಮರೆಯಬಹುದು. ಆಗಲೂ ನಷ್ಟವಿಲ್ಲ. ಒಂದು ವಿಷಯದ ತಳ ಮುಟ್ಟುವುದು ಹೇಗೆಂದು ಕಲಿತಿರುತ್ತಾಳೆ.

ಮೈದುನನ ವಿಡಿಯೊ ಮಾತ್ರ ಇವತ್ತೇ ನಿಲ್ಲಲಿ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಲೆಕ್ಕದ ಶಕ್ತಿಯನ್ನು ಅವರ ತಂದೆ ತೀರ ಎಳವೆಯಲ್ಲೇ ಗುರುತಿಸಿದರು, ಊರೂರಿನಲ್ಲಿ ಪ್ರದರ್ಶನ ಮಾಡಿಸಿದರು. ಆರನೇ ವಯಸ್ಸಿಗೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಅವರ ಪ್ರದರ್ಶನ ನಡೆಯಿತು. ಜಗತ್ತು ಬೆರಗಾಯಿತು, ಆದರೆ ಆ ಮಗುವಿಗೆ ಎಲ್ಲರಂತೆ ಶಾಲೆಗೆ ಹೋಗುವ ಭಾಗ್ಯ ಸಿಗಲಿಲ್ಲ. ಬಂದವರ ಮುಂದೆ ‘ಹೇಳು, ಹೇಳು’ ಎಂದಾಗ ಮಗುವಿನ ಗಮನ ಹೊಳೆಯಿಂದ ನೋಡುವವರ ಮುಖಕ್ಕೆ ತಿರುಗುತ್ತದೆ. ತಾನು ಸರಿಯಾಗಿ ಹೇಳಿದರೆ ಮಾತ್ರ ಚಿಕ್ಕಪ್ಪನಿಗೆ ಇಷ್ಟ ಎಂಬ ಅಳುಕು ಹುಟ್ಟುತ್ತದೆ. ಮೈದುನನ ಮನಸ್ಸು ನೋಯಿಸಬೇಕಿಲ್ಲ. ಫೋನ್ ಒಳಗಿಟ್ಟು ಅವಳಿಗೆ ಪಟ್ಟಿ ಕತ್ತರಿಸಿಕೊಡುವ ಕೆಲಸ ಅವನಿಗೆ ಕೊಡಿ.

ಆಟಿಸಂ ವಿಷಯ. ಒಂದೇ ವಿಷಯದ ಗೀಳು ಅದರ ಒಂದು ಲಕ್ಷಣ ಹೌದು. ಅದೊಂದರಿಂದಲೇ ಯಾರೂ ತೀರ್ಮಾನ ಹೇಳಲಾಗದು. ಹೆಸರು ಹಿಡಿದು ಕರೆದರೆ ತಿರುಗುತ್ತಾಳಾ? ಅಣೆಕಟ್ಟೆ ಬಿಟ್ಟು ಬೇರೆ ಮಾತೂ ಆಡುತ್ತಾಳಾ? ಎದುರಿನವರಿಗೆ ಬೇಸರವಾದದ್ದು ತಿಳಿಯುತ್ತದಾ? ಬೇರೆ ಮಕ್ಕಳು ಕರೆದರೆ ಆಟಕ್ಕೆ ಹೋಗುತ್ತಾಳಾ? ಬಟ್ಟೆ, ಸದ್ದು, ಊಟದ ರುಚಿ ಇವು ತೀರ ಹಿಂಸೆಯಾಗುತ್ತವಾ? ಇವುಗಳಲ್ಲಿ ಚಿಕ್ಕಂದಿನಿಂದಲೂ ತೊಡಕು ಕಂಡಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ, ಅಲ್ಲಿ ಪರೀಕ್ಷಿಸುತ್ತಾರೆ. ಆಟಿಸಂ ಎಂದೇ ಆದರೂ ಈ ಗೀಳನ್ನು ಕಿತ್ತು ಹಾಕಬೇಕಾಗಿಲ್ಲ, ಮಗುವಿನ ಬಳಿ ಹೋಗಲು ಅದೇ ದಾರಿಯಾಗುತ್ತದೆ. ಭಕ್ತರನ್ನು ಮಾತಿಗೆಳೆದು ಅವರ ಊರಿನ ಡ್ಯಾಮು ಕೇಳುವ ಮಗು ಜನರ ಕಡೆಗೇ ನಡೆಯುತ್ತಿದೆ ಅನ್ನುವುದೂ ನಿಮ್ಮ ಗಮನದಲ್ಲಿರಲಿ.

ಇನ್ನು ಆ ರಾತ್ರಿಯ ಮಾತು. ಅಪ್ಪ ಬರಲಿಲ್ಲ, ಹೊಳೆ ಏರುತ್ತಿತ್ತು, ದೊಡ್ಡವರೆಲ್ಲ ‘ಕಬಿನಿಯಿಂದ ಇಷ್ಟು ಬಿಟ್ಟವ್ರಂತೆ, ಅಷ್ಟು ಬಿಟ್ಟವ್ರಂತೆ’ ಎಂದು ಗಾಬರಿಯಲ್ಲಿ ಮಾತಾಡುತ್ತಿದ್ದರು. ಮಗು ಕೇಳಿಸಿಕೊಂಡಿತು. ಈ ಅಂಕಿ ಗೊತ್ತಿದ್ದರೆ ಅಪ್ಪನನ್ನು ಕಾಯಬಹುದು ಎಂದು ಅದಕ್ಕೆ ತೋಚಿರಬೇಕು. ಅಂದರೆ ನಿಮ್ಮ ಮನೆಯಲ್ಲಿರುವುದು ಎರಡು ಬೇರೆ ಬೇರೆ ಸಂಗತಿ: ಹಗಲಿನದು ಕುತೂಹಲ, ರಾತ್ರಿಯದು ಕಾವಲು.

ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ಕುತೂಹಲದ ಪ್ರಶ್ನೆಗೆ ಉತ್ತರ ಸಿಕ್ಕರೆ ಹೊಸ ಪ್ರಶ್ನೆ ಹುಟ್ಟುತ್ತದೆ. ಭಯದ ಪ್ರಶ್ನೆಗೆ ಉತ್ತರ ಸಿಕ್ಕರೂ ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಅದಕ್ಕೆ ಹತ್ತು ಸಲ ಉತ್ತರಿಸಿದರೆ ಹನ್ನೊಂದನೆಯದೂ ಬಂದೇ ಬರುತ್ತದೆ. ಏಕೆಂದರೆ ಅವಳಿಗೆ ಬೇಕಾಗಿರುವುದು ಕ್ಯುಸೆಕ್ ಲೆಕ್ಕವಲ್ಲ, ಅಪ್ಪ ಮನೆಯಲ್ಲಿದ್ದಾರೆ ಎಂಬ ಖಾತ್ರಿ.

ಅಪ್ಪನೇ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಆ ರಾತ್ರಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಲಿ. ಎಲ್ಲಿ ನಿಂತೆ, ಯಾರು ಊಟ ಕೊಟ್ಟರು, ಎಲ್ಲಿ ಮಲಗಿದೆ, ಬೆಳಿಗ್ಗೆ ಹೇಗೆ ಬಂದೆ. ಮಗುವಿಗೆ ಆ ರಾತ್ರಿಯ ಅರ್ಧ ಮಾತ್ರ ಗೊತ್ತಿದೆ, ಉಳಿದರ್ಧವನ್ನು ಹೆದರಿಕೆ ತುಂಬಿಕೊಂಡಿದೆ. ಆಮೇಲೆ ಒಂದು ಕಟ್ಟುಪಾಡು ಮಾಡಿಕೊಳ್ಳಿ: ನದಿಪಾತ್ರದವರಿಗೆ ಎಚ್ಚರಿಕೆ ಕೊಟ್ಟ ದಿನ ಅಪ್ಪ ಹೊಳೆ ದಾಟುವುದಿಲ್ಲ. ದಾಟಲೇಬೇಕಾದರೆ ಸಂಜೆಯೊಳಗೆ ಫೋನ್ ಮಾಡುತ್ತಾರೆ. ನೀರು ತೀರ ಏರಿದರೆ ಯಾರ ಮನೆಗೆ ಹೋಗುತ್ತೇವೆ, ಏನೇನು ತೆಗೆದುಕೊಳ್ಳುತ್ತೇವೆ. ಇದನ್ನು ಅವಳ ಡೈರಿಯ ಮೊದಲ ಪುಟದಲ್ಲೇ ಬರೆಸಿ. ಮಾತು ಕೊಟ್ಟ ಮೇಲೆ ತಪ್ಪಬಾರದು, ಒಂದು ಸಲವೂ.

ರಾತ್ರಿ ಎದ್ದು ಕೇಳಿದರೆ ಒಂದೇ ಸಲ ಉತ್ತರ ಹೇಳಿ. ಎರಡನೇ ಸಲ ‘ಅಪ್ಪ ಇಲ್ಲೇ ಮಲಗವ್ರೆ ನೋಡು, ಮಿಕ್ಕಿದ್ದು ಬೆಳಿಗ್ಗೆ’ ಎಂದು ಬೆನ್ನು ಸವರಿ ಮಲಗಿಸಿ. ಗದರಬೇಡಿ, ಫೋನಿನಲ್ಲಿ ಹುಡುಕಿ ತೋರಿಸಲೂ ಬೇಡಿ. ಪೇಪರಿಗೆ ರಜೆಯಿರುವ ದಿನಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಅವಳ ಕೈಯಿಂದಲೇ ಗುರುತು ಹಾಕಿಸಿ, ಆ ದಿನದ ಮಟ್ಟವನ್ನು ಅಂದಾಜು ಮಾಡಿ ಬರೆಯಲಿ, ಮಾರನೆ ದಿನ ತಾಳೆ ನೋಡಲಿ.

ಒಂದು ನಿಯಮದಲ್ಲಿ ಮಾತ್ರ ರಿಯಾಯಿತಿ ಇಲ್ಲ. ನೀರು ನೋಡಲು ಅವಳು ಒಬ್ಬಳೇ ಹೊಳೆ ಕಡೆ ಹೆಜ್ಜೆ ಇಡಬಾರದು. ಕಾವೇರಿಯ ಈ ಭಾಗದ ಸುಳಿಗಳು ಈಜು ಬಲ್ಲವರನ್ನೂ ಬಿಟ್ಟಿಲ್ಲ. ದೊಡ್ಡವರ ಕೈ ಹಿಡಿದು, ದೂರದ ಮೆಟ್ಟಿಲಿನಿಂದ ಮಾತ್ರ.

ಇಷ್ಟೆಲ್ಲ ಮಾಡಿದ ಮೇಲೂ ಒಂದೆರಡು ತಿಂಗಳಲ್ಲಿ ನಿದ್ದೆ ಸರಿಹೋಗದಿದ್ದರೆ, ಅಪ್ಪ ಅಂಗಡಿಯಿಂದ ಕದಲಿದರೂ ಅಳುವಂತಾದರೆ, ಊಟ ಕಡಿಮೆಯಾದರೆ, ತಡಮಾಡದೆ ಮೈಸೂರಿನಲ್ಲಿ ಮಕ್ಕಳ ಮನೋವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲು ಮಾತಾಡಿ ನೋಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವಾಗ ಡೈರಿಯನ್ನೂ ತೆಗೆದುಕೊಂಡು ಹೋಗಿ. ಯಾವ ತಿಂಗಳಲ್ಲಿ ಅಂಟಿಸಲು ಶುರುಮಾಡಿದಳು, ಎಲ್ಲಿ ಒಂದೇ ಅಂಕಿ ಮತ್ತೆ ಮತ್ತೆ ಬರೆದಿದ್ದಾಳೆ ಎಂದು ನೋಡಿದರೆ ವೈದ್ಯರಿಗೆ ನಿಮ್ಮ ಮಾತಿಗಿಂತ ಬೇಗ ತಿಳಿಯುತ್ತದೆ.