ಹೊಲಿಗೆ ಅಕ್ಕ ಡಿಶ್ ಮಾರಿದ್ದು

ಹಾಸನದ ಹತ್ತಿರ ಒಂದು ಊರು. ಅಲ್ಲಿ ಒಬ್ಬ ಅಕ್ಕ ಇದ್ದಾಳೆ. ಬಟ್ಟೆ ಹೊಲಿಯುತ್ತಾಳೆ. ಎಲ್ಲರೂ ಅವಳನ್ನು ಹೊಲಿಗೆ ಅಕ್ಕ ಎಂದೇ ಕರೆಯುತ್ತಾರೆ. ಸಂಜೆ ಹೊತ್ತು ಕಲಿಕಾ ಕೇಂದ್ರಕ್ಕೆ ಬಂದು ಅಕ್ಷರ ಕಲಿತಳು. ಈಗ ಕೂಡಿಸಿ ಕೂಡಿಸಿ ಓದುತ್ತಾಳೆ.

2022ರಲ್ಲಿ ಅಕ್ಕ ಮನೆಗೆ ಡಿಶ್ ಹಾಕಿಸಿದಳು. ತಿಂಗಳು ತಿಂಗಳು ರೀಚಾರ್ಜ್ ಮಾಡಿಸಬೇಕಿತ್ತು. ಅದು ಭಾರವಾಯಿತು. ಮರುವರ್ಷ ದೂರದರ್ಶನದ ಫ್ರೀ ಡಿಶ್ ಹಾಕಿಸಿದಳು. ಫ್ರೀ ಡಿಶ್ ಶುರುವಾದದ್ದು 2004ರ ಡಿಸೆಂಬರ್‌ನಲ್ಲಿ. ಇದಕ್ಕೆ ತಿಂಗಳ ಹಣ ಕಟ್ಟಬೇಕಿಲ್ಲ. ಹಳೆಯ ಡಿಶ್ ಸುಮ್ಮನೆ ಮಾಳಿಗೆ ಮೇಲೆ ನಿಂತಿತ್ತು.

"ಅದನ್ನ ಮಾರ್ಬಿಡೋಣ ದೊಡ್ಡಮ್ಮ" ಎಂದ ತಂಗಿಯ ಮಗ. ಮೂರು ಫೋಟೋ ತೆಗೆದ. ಹಳೆ ಸಾಮಾನು ಮಾರುವ ಒಂದು ಆ್ಯಪ್‌ಗೆ ಹಾಕಿದ. ಅಕ್ಕ ಹೇಳುತ್ತಾ ಹೋದಳು, ಅವನು ಬರೆದ:

ಡಿಶ್ ಮಾರಾಟಕ್ಕಿದೆ. ಒಂದು ವರ್ಷ ಬಳಸಿದ್ದು. ತಟ್ಟೆ, ಬಾಕ್ಸ್, ರಿಮೋಟ್, ವೈರ್ ಎಲ್ಲ ಇದೆ. ತಟ್ಟೆಯ ಅಂಚಿಗೆ ಸ್ವಲ್ಪ ತುಕ್ಕು. ಬೆಲೆ 800 ರೂಪಾಯಿ. ಮನೆಗೆ ಬಂದು ನೋಡಬಹುದು.

ತುಕ್ಕಿನ ಮಾತು ಬೇಡ ಎಂದ ಹುಡುಗ. "ಇದ್ದದ್ದನ್ನ ಇದ್ದಂಗೆ ಬರಿ" ಎಂದಳು ಅಕ್ಕ.

ಅರ್ಧ ಗಂಟೆಯಲ್ಲಿ ಫೋನ್ ಬಂತು. ಹುಡುಗ ಆಗಲೇ ಹೊರಟು ಹೋಗಿದ್ದ.

"ಮೇಡಂ, ನಾನು ಮಿಲಿಟರೀಲಿ ಇದೀನಿ. ಡಿಶ್ ನಂಗೆ ಬೇಕು. 800 ಈಗ್ಲೇ ಕಳಿಸ್ತೀನಿ."

"ಬಂದು ನೋಡಲ್ವಾ ಸಾರ್?"

"ಟೈಮಿಲ್ಲ ಮೇಡಂ. ನಮ್ಮ ಹುಡುಗ ಬಂದು ತಗೊಂಡು ಹೋಗ್ತಾನೆ."

ಅವನು ನೋಡಲಿಲ್ಲ. ಚೌಕಾಸಿಯನ್ನೂ ಮಾಡಲಿಲ್ಲ. ನಮ್ಮ ಸಂತೆಯಲ್ಲಿ ಹಾಗೆ ಕೊಳ್ಳುವವರನ್ನು ನೀವು ಕಂಡಿದ್ದೀರಾ?

ಫೋನಿಗೆ ಒಂದು ಚಿತ್ರ ಬಂತು. ಅಂಗಡಿಯಲ್ಲಿ ಅಂಟಿಸಿರುತ್ತಾರಲ್ಲ, ಕಪ್ಪು ಚುಕ್ಕಿಗಳ ಚೌಕ, ಅದೇ. "ಇದನ್ನ ಸ್ಕ್ಯಾನ್ ಮಾಡಿ, ಪಿನ್ ಒತ್ತಿ. ದುಡ್ಡು ನಿಮಗೆ ಬರುತ್ತೆ. ಬೇಗ ಮೇಡಂ, ಬೇಗ!"

ಅಕ್ಕ ಒತ್ತಿದಳು. ಫೋನ್ ಟಿಂಗ್ ಎಂದಿತು. 800 ಬರಲಿಲ್ಲ. ಅವಳ ಖಾತೆಯಿಂದಲೇ 800 ಹೋಗಿತ್ತು.

"ಅಯ್ಯೋ, ತಪ್ಪಾಯ್ತು ಮೇಡಂ! ಈಗ 1,600ರ ಚಿತ್ರ ಕಳಿಸ್ತೀನಿ. ಅದನ್ನೂ ಮಾಡಿ, ಎರಡೂ ಸೇರಿ ವಾಪಸ್ ಬರುತ್ತೆ."

ಅಕ್ಕನ ಕೈ ನಡುಗಿತು. ಖಾತೆಯಲ್ಲಿ ಇನ್ನೂ 6,200 ರೂಪಾಯಿ ಇತ್ತು. ಅದು ಸಂಘದ ಸಾಲದ ಕಂತಿನ ಹಣ. ಆ ಫೋನಿನಲ್ಲಿ ಆ್ಯಪ್ ಕನ್ನಡದಲ್ಲೇ ಇತ್ತು. ಮೊದಲ ಸಲ ಅವಸರದಲ್ಲಿ ಅವಳು ಪರದೆ ಓದಿರಲಿಲ್ಲ. ಈ ಸಲ ಬೆರಳಿಟ್ಟು ಓದಿದಳು. ಪಾ... ವ... ತಿ... ಸಿ. ಪಾವತಿಸಿ!

"ಪಾವತಿಸಿ ಅಂದ್ರೆ ಕೊಡು ಅಂತ ಅಲ್ವೇನಪ್ಪ? ನಾನ್ಯಾಕೆ ಕೊಡ್ಲಿ?"

ಫೋನ್ ಕಟ್ಟಾಯಿತು.

ಆ ಚೌಕದಲ್ಲಿ ಇರುವುದು ಹಣ ಪಡೆಯುವವರ ವಿಳಾಸ. ಅಂಗಡಿಯಲ್ಲಿ ನಾವು ಸ್ಕ್ಯಾನ್ ಮಾಡಿದರೆ ಹಣ ಅಂಗಡಿಗೆ ಹೋಗುತ್ತದೆ. ಅವನ ಚೌಕವನ್ನು ಸ್ಕ್ಯಾನ್ ಮಾಡಿದರೆ ಹಣ ಅವನಿಗೆ ಹೋಗುತ್ತದೆ. ಪಿನ್ ನಮ್ಮ ಪೆಟ್ಟಿಗೆಯ ಬೀಗದ ಕೈ ಇದ್ದಂತೆ. ಪಿನ್ ಒತ್ತಿದರೆ ಹಣ ಹೊರಗೆ ಹೋಗುತ್ತದೆ. ಹಣ ಒಳಗೆ ಬರಲು ಪಿನ್ ಬೇಡವೇ ಬೇಡ.

ಅಕ್ಕ ಕೂಡಲೇ 1930ಕ್ಕೆ ಫೋನ್ ಮಾಡಿದಳು. ಇಂಥ ಮೋಸವನ್ನು ತಿಳಿಸಲು ಸರ್ಕಾರ ಇಟ್ಟಿರುವ ಸಂಖ್ಯೆ ಇದು. ಬ್ಯಾಂಕಿಗೂ ಹೇಳಿದಳು. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವುದು ಸುಲಭ. ಆದರೂ ಅಕ್ಕನ 800 ವಾಪಸ್ ಬರಲಿಲ್ಲ.

ಎರಡು ದಿನದ ಮೇಲೆ ಪಕ್ಕದ ಊರಿನ ರೈತರೊಬ್ಬರು ಬಂದರು. ತೋಟದ ಮನೆಗೆ ಡಿಶ್ ಬೇಕಿತ್ತು.

"ಮೊದ್ಲು ಟೀವಿ ಹಾಕಿ ತೋರ್ಸವ್ವಾ" ಎಂದರು. ರೀಚಾರ್ಜ್ ಮುಗಿಯಲು ಇನ್ನೂ ಕೆಲವು ದಿನ ಇತ್ತು. ಚಿತ್ರ ಚೆನ್ನಾಗಿ ಬಂತು. ಅದಕ್ಕೇ ಮಾರುವ ಮುಂಚೆ ಡಿಶ್ ಬಿಚ್ಚಬಾರದು. ಬಿಚ್ಚಿದ ಡಿಶ್ ಓಡುತ್ತದೋ ಇಲ್ಲವೋ ಎಂದು ಯಾರಿಗೆ ಗೊತ್ತಾಗುತ್ತದೆ?

"ಬಾಕ್ಸ್ ನಿಂದೋ, ಕಂಪ್ನೀದೋ?"

ಒಳ್ಳೆಯ ಪ್ರಶ್ನೆ. ಬಾಕ್ಸನ್ನು ಬಾಡಿಗೆಗೆ ಕೊಡುವುದೂ ಉಂಟು. ಬಾಡಿಗೆಯ ಬಾಕ್ಸ್ ನಮ್ಮದಲ್ಲ, ಮಾರುವಂತಿಲ್ಲ. ಅಕ್ಕ ಕೊಂಡ ಬಿಲ್ ತಂದು ತೋರಿಸಿದಳು. ಒಂದು ಕಂಪನಿಯ ಬಾಕ್ಸ್ ಇನ್ನೊಂದು ಕಂಪನಿಗೆ ಆಗುವುದಿಲ್ಲ ಎಂದೂ ಹೇಳಿದಳು. ಆಮೇಲೆ ಇಬ್ಬರೂ ಕಂಪನಿಗೆ ಫೋನ್ ಮಾಡಿ ಹೆಸರು ಬದಲಾಯಿಸಲು ಕೇಳಿದರು. ಕನೆಕ್ಷನ್ ಅಕ್ಕನ ಹೆಸರಲ್ಲೇ ಉಳಿದರೆ ನಾಳೆ ಬರುವ ತಕರಾರೂ ಅವಳ ಹೆಸರಿಗೇ ಬರುತ್ತದೆ.

ರೈತರು ತುಕ್ಕು ನೋಡಿದರು. 500ಕ್ಕೆ ಕೇಳಿದರು. ಮಾತು ಬೆಳೆಯಿತು. ಕೊನೆಗೆ 650ಕ್ಕೆ ಒಪ್ಪಿದರು. ಈ ಸಲ ಅಕ್ಕ ತನ್ನ ಚೌಕವನ್ನು ತೋರಿಸಿದಳು. ಸ್ಕ್ಯಾನ್ ಮಾಡಿದವರು ರೈತರು. ಪಿನ್ ಒತ್ತಿದವರೂ ರೈತರೇ.

"ಹೋಯ್ತು ನೋಡವ್ವಾ" ಎಂದು ಅವರು ತಮ್ಮ ಫೋನ್ ಮುಂದೆ ಹಿಡಿದರು.

"ನಿಮ್ ಫೋನ್ ಬೇಡ ಯಜಮಾನ್ರೇ, ನನ್ ಖಾತೇಲಿ ನೋಡ್ತೀನಿ" ಎಂದಳು ಅಕ್ಕ. ಓದಿದಳು. 650 ಜಮೆ. ಆಮೇಲೆ ಡಿಶ್ ಬಿಚ್ಚಲು ಏಣಿ ಕೊಟ್ಟಳು.

ಜೋರಾಗಿ ಓದಿ: ಖಾತೆ, ಜಮೆ, ಕಡಿತ, ಪಾವತಿ, ಪಾವತಿಸಿ.

ಬರೆಯಿರಿ: ನಿಮ್ಮ ಮನೆಯಲ್ಲಿ ಬಳಸದೆ ಇಟ್ಟಿರುವ ಸಾಮಾನು ಯಾವುದು? ಅದನ್ನು ಮಾರಲು ನಾಲ್ಕು ಸಾಲು ಬರೆಯಿರಿ. ತುಕ್ಕು ಇದ್ದರೆ ಅದನ್ನೂ ಬರೆಯಿರಿ.