ಮಾತ್ರೆಯಾಚೆಯ ಮಾತು ಮೊದಲೇ ಆಗಲಿ

ಪಲ್ಮನರಿ ಆರ್ಟೀರಿಯಲ್ ಹೈಪರ್‌ಟೆನ್ಷನ್ ತೀವ್ರವಾಗಿರುವ ರೋಗಿಯೊಬ್ಬರ ಜೊತೆ ಒಂದೇ ಮನೆಯಲ್ಲಿ ಬಾಳಿ ನಾನು ಕಲಿತದ್ದು ಇಷ್ಟು: ಮಾತ್ರೆಯಾಚೆಯ ಚಿಕಿತ್ಸೆಗಳ ವಿಚಾರವನ್ನು ಮಾತ್ರೆಗಳು ಸೋತ ಮೇಲೆ ಎತ್ತಿದರೆ ಹೊತ್ತು ಮೀರಿರುತ್ತದೆ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿ.ಪಿ. ಇದಲ್ಲ. ಶ್ವಾಸಕೋಶಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ದಪ್ಪಗಾಗಿ ಕಿರಿದಾಗುತ್ತವೆ, ಅವುಗಳ ವಿರುದ್ಧ ದೂಡಿ ದೂಡಿ ಹೃದಯದ ಬಲಭಾಗ ಸೋಲುತ್ತದೆ. ಎಷ್ಟು ಸೋತಿದೆ ಎಂಬುದರ ಮೇಲೆಯೇ ಮುಂದಿನ ದಾರಿಗಳು ತೆರೆಯುತ್ತವೆ, ಇಲ್ಲವೇ ಮುಚ್ಚುತ್ತವೆ.

ಏಟ್ರಿಯಲ್ ಸೆಪ್ಟಾಸ್ಟಮಿಯನ್ನೇ ನೋಡಿ. ತೊಡೆಸಂದಿನ ರಕ್ತನಾಳದ ಮೂಲಕ ಸೂಜಿ ಕಳಿಸಿ, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಗೆ ತೂತು ಮಾಡಿ, ಬಲೂನಿನಿಂದ ಅದನ್ನು ಹಂತಹಂತವಾಗಿ ಹಿಗ್ಗಿಸುತ್ತಾರೆ: 4 ಮಿಲಿಮೀಟರ್, ಆಮೇಲೆ 8, ತಡೆದುಕೊಂಡರೆ 12, 16. ಆಮ್ಲಜನಕದ ಮಟ್ಟ ಶೇ. 10ರಷ್ಟು ಇಳಿದರೆ ಅಲ್ಲಿಗೇ ನಿಲ್ಲಿಸಬೇಕು. ತುಂಬಿದ ಕೆರೆಯ ಏರಿ ಉಳಿಯಲು ಕೋಡಿ ಬೇಕಾದ ಹಾಗೆ, ಇಲ್ಲಿ ರಕ್ತ ಎಡಕ್ಕೆ ಹರಿದು ಬಲಭಾಗದ ಹೊರೆ ಇಳಿಯುತ್ತದೆ. ಬದಲಿಗೆ ಮೈಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಈ ಕಾಯಿಲೆಗೆ ಇದನ್ನು ಮಾಡಿದ ಮೊದಲ ವರದಿ ಬಂದದ್ದು 1983ರಲ್ಲಿ. ಸಾವುಗಳು ಹೆಚ್ಚಾಗಿ ಆದದ್ದು ಆಗಲೇ ಕೈಮೀರಿದ್ದ ರೋಗಿಗಳಲ್ಲಿ. ಹಾಗಾಗಿಯೇ ಬಲ ಮೇಲ್ಕೋಣೆಯ ಸರಾಸರಿ ಒತ್ತಡ 20 ಎಂಎಂ ಎಚ್‌ಜಿ ದಾಟಿದ್ದರೆ ಮಾಡಬಾರದು ಎಂಬ ನಿಯಮ ಬಂತು. ಮಕ್ಕಳಲ್ಲಿ ಮಾಡುವ ಪಾಟ್ಸ್ ಷಂಟ್ ಇನ್ನೊಂದು ಬಗೆ. ಎಡ ಶ್ವಾಸಕೋಶದ ಅಪಧಮನಿಯನ್ನು ಕೆಳಗಿಳಿಯುವ ಮಹಾಧಮನಿಗೆ ಜೋಡಿಸುತ್ತಾರೆ. ಕಪ್ಪುರಕ್ತ ಕೆಳಮೈಗೆ ಹೋಗುತ್ತದೆ, ಮಿದುಳಿಗೆ ಒಳ್ಳೆಯ ರಕ್ತವೇ ಸಿಗುತ್ತದೆ. ಕೈಬೆರಳು ಕೆಂಪಗಿದ್ದು ಕಾಲ್ಬೆರಳು ನೀಲಿಗಟ್ಟಿರುತ್ತದೆ. ಇದೂ ಬಲಗುಂಡಿಗೆಯಲ್ಲಿ ಕಸುವು ಉಳಿದಿರುವಾಗ ಮಾಡುವ ಕೆಲಸವೇ.

ಶ್ವಾಸಕೋಶದ ಕಸಿಗಂತೂ ಈ ಮಾತು ಇನ್ನೂ ಸರಿ. 1981ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬ್ರೂಸ್ ರೈಟ್ಜ್ ತಂಡ ಹೃದಯ ಮತ್ತು ಶ್ವಾಸಕೋಶ ಎರಡನ್ನೂ ಒಟ್ಟಿಗೆ ಕಸಿ ಮಾಡಿ ಗೆದ್ದದ್ದು ಇದೇ ಕಾಯಿಲೆಯ ರೋಗಿಗೆ. ಈಗ ಬಹುಪಾಲು ಎರಡು ಶ್ವಾಸಕೋಶಗಳೇ ಸಾಕು. ಹೊರೆ ಇಳಿದರೆ ಬಲಭಾಗ ಚೇತರಿಸಿಕೊಳ್ಳುತ್ತದೆ. ಆರಂಭದ ತಿಂಗಳುಗಳ ಅಪಾಯ ಮಾತ್ರ ಈ ರೋಗಿಗಳಿಗೆ ಹೆಚ್ಚು, ಅದರಲ್ಲೂ ಸೊರಗಿ ಹೋದವರಿಗೆ.

ಔಷಧಿಗಳು ಈಗ ಎಷ್ಟೋ ಸುಧಾರಿಸಿವೆ, ಈಗಲೇ ಯಾಕೆ ಹೆದರಿಸಬೇಕು ಎನ್ನುವವರಿದ್ದಾರೆ. ಸುಧಾರಿಸಿರುವುದು ನಿಜ, 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಟಾಟರ್ಸೆಪ್ಟ್ ದೊಡ್ಡ ಹೆಜ್ಜೆಯೇ. ಆದರೆ ಕಸಿ ತಂಡಕ್ಕೆ ತೋರಿಸುವುದೇ ಬೇರೆ, ಕಾಯುವ ಪಟ್ಟಿಗೆ ಹೆಸರು ಸೇರಿಸುವುದೇ ಬೇರೆ. ಔಷಧಿ ಕೈಹಿಡಿದರೆ ಆ ಭೇಟಿಯಿಂದ ನಷ್ಟವೇನಿಲ್ಲ. ಹೆದರಿಕೆಯ ವಿಷಯಕ್ಕೆ ಬಂದರೆ, ಐಸಿಯು ಬಾಗಿಲಲ್ಲಿ ಮೊದಲ ಸಲ ಕೇಳುವ ಮಾತಿಗಿಂತ ಹೆಚ್ಚು ಹೆದರಿಸುವ ಮಾತು ಯಾವುದಿದೆ? ಖರ್ಚಿನ ಆಕ್ಷೇಪಣೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಕಸಿಗೆ ಹತ್ತಾರು ಲಕ್ಷ ಬೇಕು, ಬದುಕಿಡೀ ಮಾತ್ರೆ ಬೇಕು. ಹಣ ಹೊಂದಿಸಲು ಸಮಯ ಬೇಕೆಂಬುದೇ ಬೇಗ ಕೇಳಲು ಇನ್ನೊಂದು ಕಾರಣ.

ಇದೆಲ್ಲದಕ್ಕೂ ಮುಂಚೆ ಆಗಲೇಬೇಕಾದ ಪರೀಕ್ಷೆ ವಿ/ಕ್ಯು ಸ್ಕ್ಯಾನ್, ಅಂದರೆ ಶ್ವಾಸಕೋಶದಲ್ಲಿ ಗಾಳಿ ಮತ್ತು ರಕ್ತ ಎಲ್ಲೆಲ್ಲಿ ತಲುಪುತ್ತಿವೆ ಎಂದು ತೋರಿಸುವ ಸ್ಕ್ಯಾನ್. ಹಳೆಯ ರಕ್ತಗಡ್ಡೆಗಳಿಂದ ಒತ್ತಡ ಏರಿದ್ದರೆ ಅದು ಬೇರೆಯೇ ಕಾಯಿಲೆ. ಗಡ್ಡೆಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿ ತೆಗೆದರೆ ಹಲವರ ಒತ್ತಡ ಮಾಮೂಲಿಗೆ ಇಳಿಯುತ್ತದೆ. ಈ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೂ ನಡೆಯುತ್ತದೆ. ನಿಮ್ಮ ಮನೆಯಲ್ಲಿ ಇಂಥ ರೋಗಿಯಿದ್ದರೆ ಮುಂದಿನ ಸಲ ಡಾಕ್ಟರನ್ನು ಎರಡೇ ಪ್ರಶ್ನೆ ಕೇಳಿ: ಆ ಸ್ಕ್ಯಾನ್ ಆಗಿದೆಯೇ? ಕಸಿ ತಂಡಕ್ಕೆ ನಮ್ಮನ್ನು ಯಾವಾಗ ಕಳಿಸುತ್ತೀರಿ?