ಭೂನಕ್ಷತ್ರದ ಪೊಟ್ಟಣ

ಮಳೆಗಾಲದಲ್ಲಿ ಮರಗಳ ಬುಡದಲ್ಲಿ ಒಮ್ಮೊಮ್ಮೆ ವಿಚಿತ್ರವಾದ ಅಣಬೆಯೊಂದು ಕಾಣಸಿಗುತ್ತದೆ. ಎಳೆಯದಿರುವಾಗ ಅದು ಮಣ್ಣಿನಲ್ಲಿ ಹುದುಗಿದ ಗುಂಡು. ಬಲಿತಾಗ ಹೊರಕವಚವು ಸೀಳಿ ಎಸಳುಗಳಂತೆ ಅರಳುತ್ತದೆ. ನಡುವೆ ಬೀಜಾಣುಗಳ ಚೀಲ ಉಳಿಯುತ್ತದೆ. ಮಳೆಹನಿ ಬಡಿದೊಡನೆ ಚೀಲದಿಂದ ಬೀಜಾಣುಗಳು ಹೊಗೆಯಂತೆ ಚಿಮ್ಮುತ್ತವೆ. ಇದೇ ಭೂನಕ್ಷತ್ರ.

ಇವುಗಳಲ್ಲಿ ಒಂದು ಬಗೆಯು ಭೌತವಿಜ್ಞಾನದ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾದುದು. ಹವೆ ಒಣಗಿದಾಗ ಅದರ ಎಸಳುಗಳು ಚೀಲವನ್ನಪ್ಪಿ ಮುಚ್ಚಿಕೊಳ್ಳುತ್ತವೆ. ತೇವ ತಗಲಿದಾಗ ಮತ್ತೆ ಬಿಚ್ಚಿಕೊಳ್ಳುತ್ತವೆ. ಎರಡು ಲೋಹಗಳನ್ನು ಬೆಸೆದ ಪಟ್ಟಿಯನ್ನು ಕಾಯಿಸಿದರೆ, ಹೆಚ್ಚು ಹಿಗ್ಗುವ ಲೋಹವು ಹೊರಬದಿಗೆ ಬರುವಂತೆ ಅದು ಬಾಗುವುದನ್ನು ನೀವು ಬಲ್ಲಿರಿ. ಇಲ್ಲಿಯೂ ತತ್ತ್ವ ಅದೇ. ಕಾರಣ ಮಾತ್ರ ಉಷ್ಣವಲ್ಲ, ನೀರು. ಎಸಳಿನ ಒಳಪದರವು ನೀರನ್ನು ಹೀರಿ ಹೆಚ್ಚು ಉಬ್ಬುವುದರಿಂದ ಎಸಳು ಹೊರಕ್ಕೆ ಬಾಗುತ್ತದೆ. ಈ ಚಲನೆಗೆ ಜೀವ ಬೇಕಿಲ್ಲ; ಒಣಗಿಸಿಟ್ಟ ಮಾದರಿಯೂ ನೀರು ಸೋಕಿದರೆ ಅರಳುತ್ತದೆ.

1801ರಲ್ಲಿ ಪರ್ಸೂನನು ಇದನ್ನು ‘ಜಿಯಾಸ್ಟ್ರಮ್’ ಕುಲಕ್ಕೆ ಸೇರಿಸಿದನು. 1889ರಲ್ಲಿ ಅಮೆರಿಕದ ಮಾರ್ಗನನು ಇದಕ್ಕಾಗಿ ‘ಅಸ್ಟ್ರಿಯಸ್’ ಎಂಬ ಬೇರೆ ಕುಲವನ್ನೇ ರಚಿಸಿದನು. ಜಿಯಾಸ್ಟ್ರಮಿನ ಚೀಲದೊಳಗಿರುವಂತಹ ನಡುಗಂಬ ಇದರಲ್ಲಿಲ್ಲ. ಬೀಜಾಣುಗಳೂ ಸಾಮಾನ್ಯವಾಗಿ ದೊಡ್ಡವು. ಆಕಾರ ಒಂದೇ ಆದರೂ ಇವೆರಡು ದೂರದ ಬಂಧುಗಳೆಂದು ಡಿಎನ್‌ಎ ಪರೀಕ್ಷೆಯೂ ತೋರಿಸಿದೆ.

ಹೆಸರು ಹೀಗೆ ಬದಲಾದರೆ ಹಳೆಯ ವರದಿಗಳ ಗತಿಯೇನು? ಇಲ್ಲಿಯೇ ಒಣಮಾದರಿಗಳ ಸಂಗ್ರಹಾಲಯದ ಮಹತ್ತ್ವವಿರುವುದು. ಅಲ್ಲಿ ಪ್ರತಿಯೊಂದು ಅಣಬೆಯನ್ನೂ ಒಣಗಿಸಿ, ಪೊಟ್ಟಣ ಅಥವಾ ಪೆಟ್ಟಿಗೆಯಲ್ಲಿಟ್ಟು, ಚೀಟಿಯೊಂದನ್ನು ಲಗತ್ತಿಸುತ್ತಾರೆ. ದೊರೆತ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು, ಸುತ್ತಲಿನ ಮಣ್ಣು, ಮರ ಇವೆಲ್ಲ ಅದರಲ್ಲಿರಬೇಕು. ಮರದ ಹೆಸರು ಅಲಂಕಾರಕ್ಕಲ್ಲ: ಅಸ್ಟ್ರಿಯಸ್ ಜೀವಂತ ಬೇರುಗಳೊಡನೆ ಕೊಡುಕೊಳ್ಳುವಿಕೆಯಿಂದ ಬಾಳುತ್ತದೆ, ಜಿಯಾಸ್ಟ್ರಮ್ ಬಹುಮಟ್ಟಿಗೆ ಕೊಳೆತ ತರಗೆಲೆಯನ್ನು ಅವಲಂಬಿಸಿದೆ.

ಬಹುಕಾಲ ಏಷ್ಯದ ಅಸ್ಟ್ರಿಯಸ್‌ಗಳನ್ನು ‘ಹೈಗ್ರೊಮೆಟ್ರಿಕಸ್’ ಎಂಬ ಒಂದೇ ಹೆಸರಿನಲ್ಲಿ ಬರೆದಿಡುತ್ತಿದ್ದರು. 2004ರಲ್ಲಿ ‘ಓಡೊರೇಟಸ್’, 2007ರಲ್ಲಿ ‘ಏಷ್ಯಾಟಿಕಸ್’ ಎಂಬ ಪ್ರತ್ಯೇಕ ಪ್ರಭೇದಗಳನ್ನು ಆಗ್ನೇಯ ಏಷ್ಯದಿಂದ ವರ್ಣಿಸಲಾಯಿತು. ಹಾಗಾದರೆ ಹಳೆಯ ಪಟ್ಟಿಯಲ್ಲಿರುವ ‘ಹೈಗ್ರೊಮೆಟ್ರಿಕಸ್’ ಯಾವುದು? ಪೊಟ್ಟಣ ಉಳಿದಿದ್ದರೆ ಬೀಜಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಬಹುದು, ಡಿಎನ್‌ಎಯನ್ನೂ ಪರೀಕ್ಷಿಸಬಹುದು. ಬರಿಯ ಹೆಸರು ಉಳಿದಿದ್ದರೆ ಆ ಪ್ರಶ್ನೆಗೆ ಉತ್ತರವಿಲ್ಲ.

ಆದುದರಿಂದ, ಭೂನಕ್ಷತ್ರವೊಂದು ನಿಮಗೆ ದೊರೆತರೆ ಹೆಸರಿಗಾಗಿ ಅವಸರಪಡಬೇಡಿ. ಮೊದಲು ಸ್ಥಳವನ್ನೂ ದಿನವನ್ನೂ ಮರವನ್ನೂ ಅಂದೇ ಬರೆದಿಡಿ. ಹೆಸರನ್ನು ಮುಂದಿನವರು ತಿದ್ದಬಲ್ಲರು. ಬರೆಯದೆ ಬಿಟ್ಟ ಸ್ಥಳವನ್ನು ಯಾರೂ ತುಂಬಲಾರರು. ಏಕಮಾನವಿಲ್ಲದ ಅಳತೆ ಹೇಗೋ, ಚೀಟಿಯಿಲ್ಲದ ಮಾದರಿಯೂ ಹಾಗೆಯೇ.